ಅಜ್ಜಿಗೆ ಬರೆದ ಚೀಟಿಗಳು

ಮಗಳು ಹನ್ನೆರಡನೆಯ ತರಗತಿಯಲ್ಲಿದ್ದ ವರ್ಷ, ನವೆಂಬರಿನ ಒಂದು ಶನಿವಾರ, ಕೊಚ್ಚಿಯ ಹತ್ತಿರದ ಆಲುವದ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳ ಕಾಲೇಜಿನ ಅರ್ಜಿ ತುಂಬಿಸಲು ಕುಳಿತೆವು. ಬೇರೆ ರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯ. ಅಲ್ಲಿ ಮನಃಶಾಸ್ತ್ರ ಓದಬೇಕೆಂದು ಅವಳ ಆಸೆ. ಹೆಸರು, ಅಂಕ, ತಂದೆಯ ಉದ್ಯೋಗ, ತಾಯಿಯ ಉದ್ಯೋಗ ಎಲ್ಲ ಮುಗಿದು ಕೊನೆಯ ಪುಟಕ್ಕೆ ಬಂದಾಗ ದೊಡ್ಡದೊಂದು ಖಾಲಿ ಚೌಕ ಕಾಣಿಸಿತು. ನೀವೇ ಮಾಡಿದ ಯಾವುದನ್ನಾದರೂ ನಮಗೆ ತೋರಿಸಿ, ಹಾಡೋ ಚಿತ್ರವೋ ಕವಿತೆಯೋ ಯಂತ್ರವೋ ಏನಾದರೂ ಆದೀತು, ಹತ್ತು ಚಿತ್ರ ಇಲ್ಲವೇ ಎರಡು ನಿಮಿಷದ ವಿಡಿಯೊ, ಇದು ಕಡ್ಡಾಯವಲ್ಲ ಎಂದು ಅಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು.

ಮಗಳು ಅದನ್ನು ಓದಿ ಪುಟವನ್ನು ಕೆಳಗೆ ಸರಿಸಿದಳು. "ಇದ್ ವೇಂಡಮ್ಮೇ. ಓಪ್ಷನಲ್ ಅಲ್ಲೇ?" ಇದು ಬೇಡ, ಕಡ್ಡಾಯವಲ್ಲವಲ್ಲ ಎಂದು.

ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಹುಟ್ಟಿದ್ದು ಕಾಸರಗೋಡಿನಲ್ಲಾದರೂ ಮಾತು ಕಲಿತದ್ದು ಕೊಚ್ಚಿಯಲ್ಲಿ. ಇಲ್ಲಿ ಅವಳ ಮಾತುಗಳನ್ನು ಹೆಚ್ಚಾಗಿ ಕನ್ನಡದಲ್ಲೇ ಬರೆಯುತ್ತೇನೆ.

"ಖಾಲಿ ಬಿಡ್ಲಿಕ್ಕಾಗುದಿಲ್ಲ ಮಗಾ. ಎಂತಾದ್ರೂ ಹಾಕ್ಬೇಕು" ಎಂದೆ.

ನಾನು ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯ ಪಿಂಚಣಿ ವಿಭಾಗದಲ್ಲಿದ್ದೇನೆ. ಅರ್ಜಿಯಲ್ಲಿ ಖಾಲಿ ಬಿಟ್ಟ ಜಾಗವೆಂದರೆ ನಮ್ಮಲ್ಲಿ ಕಡತ ವಾಪಸು. ಅನ್ವಯಿಸುವುದಿಲ್ಲ ಎಂದಾದರೂ ಬರೆಯಬೇಕು. ಇಪ್ಪತ್ತೆರಡು ವರ್ಷ ಇಂಥ ಕಾಗದಗಳನ್ನೇ ನೋಡಿದ ನನಗೆ ಆ ಚೌಕವನ್ನು ಹಾಗೇ ಬಿಟ್ಟು ಮುಂದೆ ಹೋಗುವುದೆಂದರೆ ಬಾಗಿಲು ಹಾಕದೆ ಮನೆಯಿಂದ ಹೊರಟ ಹಾಗಾಗುತ್ತಿತ್ತು.

ನಿಜ ಹೇಳಬೇಕೆಂದರೆ ನನ್ನನ್ನು ಚುಚ್ಚಿದ್ದು ಬೇರೆಯೇ. ಆ ಚೌಕದಲ್ಲಿ ಹಾಕಲು ನಾನು ಮಗಳಿಗೆ ಏನನ್ನೂ ಕೊಟ್ಟಿರಲಿಲ್ಲ. ಆರು ತಿಂಗಳು ಸಂಗೀತ, ಟೀಚರು ಮನೆ ಬದಲಾಯಿಸಿದ ಮೇಲೆ ನಿಂತಿತು. ಎರಡು ವರ್ಷ ಭರತನಾಟ್ಯ, ಮೊಣಕಾಲು ನೋಯುತ್ತದೆಂದು ಅವಳೇ ಬಿಟ್ಟಳು. ಚಿತ್ರಕಲೆಗೆ ಸೇರಿಸಿದಾಗ ಆ ಮೇಷ್ಟ್ರು ಮೂರನೆಯ ವಾರಕ್ಕೇ ನನ್ನನ್ನು ಕರೆದು, ಕೈಯಲ್ಲಿ ರೇಖೆ ನಿಲ್ಲುತ್ತಿಲ್ಲ, ಬೇರೆ ಏನಾದರೂ ನೋಡಿ ಎಂದಿದ್ದರು. ಅವಳು ಹತ್ತು ಮುಗಿಸಿದ ಜೂನಿನಲ್ಲಿ ನನಗೆ ಬಡ್ತಿ ಸಿಕ್ಕಿ ತಿರುವನಂತಪುರಕ್ಕೆ ವರ್ಗವಾಯಿತು. ಇವರು ಆಲುವದಲ್ಲಿ ಬ್ಯಾಂಕಿನಲ್ಲಿದ್ದರು. ಮಗಳ ಶಾಲೆ ಅಲ್ಲಿ, ಅತ್ತೆ ಅಲ್ಲಿ. ಹಾಗಾಗಿ ನಾನೊಬ್ಬಳೇ ಶ್ರೀಕಾರ್ಯದಲ್ಲಿ ಮಹಡಿ ಮೇಲಿನ ಒಂದು ಕೋಣೆ ಹಿಡಿದೆ. ಶನಿವಾರ ಬೆಳಗಿನ ರೈಲಿಗೆ ಆಲುವಕ್ಕೆ ಬರುವುದು, ಭಾನುವಾರ ಸಂಜೆಯ ರೈಲಿಗೆ ಹಿಂತಿರುಗುವುದು. ಒಂದೂವರೆ ವರ್ಷದಿಂದ ಅವಳು ವಾರದ ಐದು ದಿನ ಏನು ಮಾಡುತ್ತಾಳೆಂದು ನನಗೆ ಫೋನಿನಲ್ಲಿ ಕೇಳಿ ಗೊತ್ತೇ ಹೊರತು ಕಂಡು ಗೊತ್ತಿರಲಿಲ್ಲ.

ನಮ್ಮ ಕಟ್ಟಡದ ಮೂರನೆಯ ಮಹಡಿಯ ಹುಡುಗಿ ತನ್ನ ರಂಗಪ್ರವೇಶದ ವಿಡಿಯೊ ಕಳಿಸಿದ್ದಾಳೆಂದು ಲಿಫ್ಟಿನಲ್ಲಿ ಕೇಳಿ ಬಂದೆ. ಭಾನುವಾರ ಬೆಳಿಗ್ಗೆ ಮಗಳಿಗೆ ನನ್ನ ರೇಷ್ಮೆ ಸೀರೆಯನ್ನು ಎರಡು ಮಡಿಕೆ ಒಳಗೆ ಮಡಿಚಿ ಉಡಿಸಿದೆ. ಬಾಲ್ಕನಿಯಲ್ಲಿ ತುಳಸಿಯ ಪಕ್ಕ ನಿಲ್ಲಿಸಿ, ಆರು ತಿಂಗಳ ಸಂಗೀತದಲ್ಲಿ ಉಳಿದಿದ್ದ ಒಂದೇ ದೇವರನಾಮ ಹಾಡಿಸಿದೆ. ಪಲ್ಲವಿ ಮುಗಿಯುವ ಮೊದಲೇ ಒಳಗೆ ಕುಕ್ಕರು ಕೂಗಿತು. ಎರಡನೆಯ ಸಲ ಶುರು ಮಾಡಿದಾಗ ಕೆಳಗೆ ಮೀನಿನವನ ಸ್ಕೂಟರು ಹಾರ್ನ್ ಹೊಡೆಯಿತು. ಮೂರನೆಯ ಸಲ ಅವಳು ಹಾಡಲೇ ಇಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನನ್ನತ್ತ ತಿರುಗಿದಳು.

"ಅಮ್ಮಾ, ನೀವೇ ಮಾಡಿದ್ದು ಏನಾದರೂ ಎಂದು ಕೇಳಿದ್ದಾರೆ. ಇದು ನಾನು ಮಾಡಿದ್ದಲ್ಲ. ನೀನು ಮಾಡಿಸಿದ್ದು."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ನನಗೇ ಅತ್ತ ನೋಡಲಾಗಲಿಲ್ಲ. ಸಂಜೆ ರೈಲಿನಲ್ಲಿ ಕೊಲ್ಲಂ ದಾಟುವವರೆಗೂ ಆ ವಿಡಿಯೊದ ಮೂರು ತುಂಡುಗಳನ್ನು ಮತ್ತೆ ಮತ್ತೆ ಹಾಕಿ ನೋಡಿ, ಆಮೇಲೆ ಅಳಿಸಿದೆ.

ಮುಂದಿನ ಶನಿವಾರ ಬಂದಾಗ ಅತ್ತೆಯ ಒಂದು ಕೆಲಸವಿತ್ತು. ಅವರಿಗೆ ಕುಟುಂಬ ಪಿಂಚಣಿ ಬರುತ್ತದೆ. ಮಾವ ಕಾಸರಗೋಡಿನ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ನವೆಂಬರು ಬಂದರೆ ಪಿಂಚಣಿದಾರರು ತಾವು ಬದುಕಿದ್ದೇವೆ ಎಂಬ ಪ್ರಮಾಣಪತ್ರ ಕೊಡಬೇಕು. ಊರಿನವರ ಪ್ರಮಾಣಪತ್ರಗಳನ್ನೆಲ್ಲ ಪರಿಶೀಲಿಸುವ ನಾನು ಮನೆಯದನ್ನು ಮರೆತಿದ್ದೆ.

ಅತ್ತೆಗೆ ಎರಡು ವರ್ಷದಿಂದ ಕಿವಿ ಪೂರ್ತಿ ಹೋಗಿತ್ತು. ಕಿವಿಯ ಮಿಷಿನು ತಂದುಕೊಟ್ಟರೆ, ತಲೆಯೊಳಗೆ ಸಿಳ್ಳೆ ಹಾಕುತ್ತದೆಂದು ತೆಗೆದು ಡಬ್ಬಿಗೆ ಹಾಕಿಟ್ಟರು. ನಾನೂ ಇವರೂ ಹೇಳಬೇಕಾದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದು ತೋರಿಸುತ್ತಿದ್ದೆವು. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ ಅವರಿಗೆ ಬೇರೆ ಲಿಪಿ ಬಾರದು. ಮಲಯಾಳ ಕಿವಿಯಿಂದ ತಿಳಿಯುತ್ತಿತ್ತು, ಕಿವಿಯೊಂದಿಗೆ ಅದೂ ಹೋಯಿತು. ಮಗಳಿಗೆ ಕನ್ನಡ ಬರೆಯಲು ಬಾರದು. ಅವಳು ಐದನೆಯ ತರಗತಿಯಲ್ಲಿದ್ದಾಗ ನಾನೊಂದು ಕಾಪಿ ಪುಸ್ತಕ ತಂದು ಅ, ಆ ತಿದ್ದಿಸಲು ಶುರು ಮಾಡಿದ್ದೆ. 'ಋ' ದಾಟಲಿಲ್ಲ. ಹಾಗಾದರೆ ಅಜ್ಜಿಯೂ ಮೊಮ್ಮಗಳೂ ವಾರವಿಡೀ ಒಂದೇ ಮನೆಯಲ್ಲಿ ಹೇಗೆ ಮಾತಾಡುತ್ತಾರೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಕೈಸನ್ನೆ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಫ್ರಿಜ್ಜಿನ ಬಾಗಿಲ ಮೇಲೆ ಒಂದೊಂದು ಸಲ ಏನೋ ಗೀಚಿದ ಚೀಟಿ ಅಂಟಿರುತ್ತಿತ್ತು. ಕಸವೆಂದು ಒಂದೆರಡನ್ನು ನಾನೇ ಕಿತ್ತು ಬಿಸಾಡಿದ್ದೂ ಉಂಟು.

"ಪಿಂಚಣಿ ಪುಸ್ತಕ ಎಲ್ಲುಂಟು?" ಎಂದು ಬರೆದು ತೋರಿಸಿದೆ.

"ಕಪಾಟಿನ ಕೆಳಗಿನ ಅರೆಯಲ್ಲಿ, ಸೀರೆಯ ಅಡಿಯಲ್ಲಿ ಉಂಟು. ಪ್ಲಾಸ್ಟಿಕ್ ಚೀಲ ನೋಡು" ಎಂದು ಅಡುಗೆಮನೆಯ ಸ್ಟೂಲಿನಿಂದಲೇ ಕೂಗಿದರು.

ಸೀರೆಯ ಅಡಿಯಲ್ಲಿ ಎರಡು ಚೀಲಗಳಿದ್ದವು. ಮೊದಲು ಕೈಗೆ ಸಿಕ್ಕಿದ್ದರಲ್ಲಿ ಪುಸ್ತಕವಿರಲಿಲ್ಲ, ಚೀಟಿಗಳಿದ್ದವು. ಹಳೆಯ ಕ್ಯಾಲೆಂಡರಿನ ಹಿಂಬದಿ, ಔಷಧದ ಅಂಗಡಿಯ ಕವರು, ಟ್ಯೂಷನ್ ನೋಟಿನಿಂದ ಹರಿದ ಹಾಳೆ. ತಿಂಗಳು ತಿಂಗಳಿನದು ಬೇರೆ ಬೇರೆ ಕಟ್ಟು ಮಾಡಿ ಸೇಫ್ಟಿ ಪಿನ್ನು ಹಾಕಿ, ಮೇಲಿನ ಚೀಟಿಯ ಮೂಲೆಯಲ್ಲಿ ಅತ್ತೆಯ ಕೈಬರಹದಲ್ಲಿ ತಿಂಗಳ ಹೆಸರಿತ್ತು. ಎಲ್ಲದರಲ್ಲೂ ಬಾಲ್ ಪೆನ್ನಿನಲ್ಲಿ ಬಿಡಿಸಿದ ಚಿತ್ರಗಳು. ಅಕ್ಷರ ಒಂದೂ ಇಲ್ಲ.

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ಮಂಚದ ಮೇಲೆ ಕುಳಿತರು. ಬೈಯುತ್ತಾರೇನೋ ಎಂದುಕೊಂಡೆ. ಅವರು ಒಂದು ಚೀಟಿ ಎತ್ತಿ ನನ್ನ ಮುಂದೆ ಹಿಡಿದರು. "ಇದನ್ನು ಓದು ನೋಡುವ."

ಕುಕ್ಕರು, ಅದರ ಪಕ್ಕ ಒಂದು ಗಡಿಯಾರ, ಒಲೆಯ ತಿರುಗಣಿಯ ಮೇಲೆ ಒಂದು ಕೈ. ನಾನು ಚೀಟಿಯನ್ನು ತಿರುಗಿಸಿ ಹಿಂಬದಿ ನೋಡಿದೆ.

"ಗೊತ್ತಾಗ್ಲಿಲ್ವಾ? ನನಗೆ ಕುಕ್ಕರ್ ಕೂಗುದು ಕೇಳುದಿಲ್ಲ ಅಲ್ವಾ? ದೊಡ್ಡ ಮುಳ್ಳು ಇಲ್ಲಿಗೆ ಬಂದಾಗ ಆಫ್ ಮಾಡಿ ಅಂತ ಬರೆದಿದ್ದಾಳೆ. ಇದು ನೋಡು. ಕೊಡೆಗೆ ಕಾಲು ಬಂದಿದೆ, ಬಟ್ಟೆಗೆ ರೆಕ್ಕೆ ಬಂದಿದೆ. ನಾನು ಟ್ಯೂಷನ್‌ಗೆ ಹೋಗ್ತೇನೆ, ಮಳೆ ಬರ್ತದೆ, ಒಣಗಿದ್ದು ಒಳಗೆ ತನ್ನಿ."

ಅವರು ಒಂದೊಂದನ್ನೇ ಓದುತ್ತ ಹೋದರು. ಪತ್ರ ಓದುವವರ ಹಾಗೆ, ನಡುವೆ ನಿಲ್ಲಿಸಿ ನಗುತ್ತ. ಟೈ ಕಟ್ಟಿದ, ಮೀಸೆಯಿರುವ ಒಂದು ಹಲಸಿನಕಾಯಿ ಇತ್ತು. ಅದು ನನ್ನ ಗಂಡ. ಆ ಹಲಸಿನಕಾಯಿಯ ಸುತ್ತ ಕನ್ನಡಕ ಹಾಕಿದ ನಾಲ್ಕು ಕಾಗೆಗಳು ಕುಳಿತಿದ್ದರೆ ಬ್ಯಾಂಕಿಗೆ ಆಡಿಟಿನವರು ಬಂದಿದ್ದಾರೆ, ಅಪ್ಪ ಬರುವಾಗ ತಡ ಎಂದರ್ಥ. ಪಕ್ಕದ ಮನೆಯ ಬಾಗಿಲಿನಲ್ಲಿ ಎರಡು ಮುಖ, ಮಾರನೆಯ ದಿನದ ಚೀಟಿಯಲ್ಲಿ ಮೂರು. ಮಗು ಹುಟ್ಟಿದ ಸುದ್ದಿ.

"ಮತ್ತೆ ಇದು ನೀನು" ಎಂದರು.

ಕನ್ನಡಕ ಹಾಕಿದ ಒಂದು ರೈಲಿನ ಎಂಜಿನು. ಶನಿವಾರದ್ದು ಈ ಕಡೆ ಮುಖ ಮಾಡಿತ್ತು, ತಲೆಯ ಮೇಲೆ ಹೊಗೆಯ ಬದಲು ಹೂವು. ಭಾನುವಾರದ್ದು ಆ ಕಡೆ ತಿರುಗಿತ್ತು. ತಿಂಗಳಿಗೆ ನಾಲ್ಕು ಸಲ ಬಂದೆ, ನಾಲ್ಕು ಸಲ ಹೋದೆ. ಎಲ್ಲವೂ ಆ ಕಟ್ಟುಗಳಲ್ಲಿತ್ತು.

ನಾನು ತಿರುವುತ್ತ ತಿರುವುತ್ತ ಎಲ್ಲಕ್ಕಿಂತ ಹಳೆಯ ಕಟ್ಟಿಗೆ ಬಂದೆ. ನನಗೆ ವರ್ಗವಾದ ಜೂನಿನದು. ಅದರಲ್ಲಿ ಒಂದು ಚೀಟಿಯಲ್ಲಿ ಮಂಚ, ಮಂಚದ ಮೇಲೆ ಮೊಣಕಾಲು ಮಡಚಿ ಗೋಡೆಗೆ ತಿರುಗಿ ಮಲಗಿದ ಹುಡುಗಿ, ಕಾಗದದ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಎಂಜಿನು. ಮಂಚದ ಪಕ್ಕದಲ್ಲಿ ತುರುಬು ಕಟ್ಟಿದ ಒಬ್ಬ ಮುದುಕಿ, ಮಂಚಕ್ಕಿಂತ, ಮನೆಗಿಂತ ದೊಡ್ಡವಳು. ಅತ್ತೆ ನನ್ನ ಕೈಯಿಂದ ಆ ಚೀಟಿಯನ್ನು ಮೆಲ್ಲಗೆ ತೆಗೆದುಕೊಂಡು ಎರಡು ಮಡಿಕೆ ಮಡಚಿದರು.

"ಇದು ನನಗೆ ಹೇಳಿದ್ದು" ಎಂದರು.

ನಾನು ಉಳಿದ ಚೀಟಿಗಳಿಗೆ ಮತ್ತೆ ಸೇಫ್ಟಿ ಪಿನ್ನು ಹಾಕಿದೆ. ಅವರು ನನ್ನ ಬೆನ್ನಿನ ಮೇಲೆ ಒಂದು ಕ್ಷಣ ಕೈಯಿಟ್ಟು, ಎರಡನೆಯ ಚೀಲದಿಂದ ಪಿಂಚಣಿ ಪುಸ್ತಕ ತೆಗೆದುಕೊಟ್ಟು, ಸಾರಿಗೆ ಒಗ್ಗರಣೆ ಹಾಕಲು ಎದ್ದು ಹೋದರು.

ಮಧ್ಯಾಹ್ನ ಮಗಳು ಬಂದ ಕೂಡಲೇ ಹೇಳಿದೆ. ನೀನು ಮಾಡಿದ್ದು ಇಲ್ಲೇ ಉಂಟಲ್ಲ, ಮನೆ ತುಂಬ ಉಂಟಲ್ಲ, ಇದನ್ನೇ ಕಳಿಸುವ ಎಂದೆ. ಅವಳ ಮುಖ ಕೆಂಪಾಯಿತು.

"ಅದು ಅಜ್ಜಿಯದ್ದು. ಅಜ್ಜಿಗೆ ಕೊಟ್ಟದ್ದು. ನೀನು ಯಾಕೆ ತೆಗೆದೆ?"

ನಾನು ಅಲ್ಲಿಗೆ ಬಿಡಬೇಕಿತ್ತು, ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ, ಮಗಳು ಏಳುವ ಮೊದಲು, ಹತ್ತು ಚೀಟಿಗಳ ಫೋಟೊ ತೆಗೆದುಕೊಂಡೆ. ತರಕಾರಿ ತರುತ್ತೇನೆಂದು ಹೇಳಿ ಮೆಟ್ರೋ ಹತ್ತಿ ನಗರಕ್ಕೆ ಹೋದೆ. ಕಾಲೇಜು ಅರ್ಜಿಗಳಿಗೆ ಸಲಹೆ ಕೊಡುವ ಒಬ್ಬ ಮಹಿಳೆಯ ಕಚೇರಿ ಅಲ್ಲಿತ್ತು. ಮೂರನೆಯ ಮಹಡಿಯವರು ಕೊಟ್ಟ ವಿಳಾಸ. ಭಾನುವಾರವೂ ತೆರೆದಿರುತ್ತಿತ್ತು.

ಆಕೆ ನನ್ನ ಫೋನಿನಲ್ಲಿ ಚಿತ್ರಗಳನ್ನು ಬೆರಳಿನಿಂದ ಸರಿಸುತ್ತ ಹೋದರು. ಮುಖ ಅರಳಿತು.

"ಇದು ಚಿನ್ನ, ಮೇಡಂ. ಕಿವಿ ಕೇಳದ ಅಜ್ಜಿ, ಬರೆಯಲು ಬಾರದ ತಾಯ್ನುಡಿ, ದೂರದಲ್ಲಿರುವ ಅಮ್ಮ. ಎಲ್ಲ ಒಂದೇ ಕಡೆ ಇದೆ. ಚಿತ್ರಗಳು ಸ್ವಲ್ಪ ಒರಟು, ನಮ್ಮ ಡಿಸೈನರ್ ನೀಟಾಗಿ ಮಾಡಿಕೊಡುತ್ತಾರೆ. ಜೊತೆಗೆ ಒಂದು ಸಣ್ಣ ಬರಹ ನಾವೇ ತಯಾರು ಮಾಡುತ್ತೇವೆ. ಅಜ್ಜಿಯದ್ದೊಂದು ಫೋಟೊ ಬೇಕಲ್ಲ. ನಗುವುದು ಬೇಡ. ಕಿಟಕಿಯ ಹತ್ತಿರ ಕುಳಿತು ಹೊರಗೆ ನೋಡುವ ಹಾಗೆ."

ನಾನು ತಲೆಯಾಡಿಸಿದೆ. ಆಕೆಯ ಮೆಚ್ಚುಗೆ ಕೇಳಿ ನನಗೆ ಸಂತೋಷವೇ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮಗಳ ಇಮೇಲ್ ಬರೆದುಕೊಟ್ಟು ಬಂದೆ. ಹಿಂತಿರುಗುವಾಗ ಮೆಟ್ರೋದಲ್ಲಿ ಕುಳಿತಾಗ ಮಾತ್ರ ಮನಸ್ಸು ಎಲ್ಲೋ ತಡವರಿಸಿತು. ಅತ್ತೆಗೆ ಕಿಟಕಿಯ ಹತ್ತಿರ ಕೂರುವ ಅಭ್ಯಾಸವೇ ಇಲ್ಲ. ಅವರು ದಿನವಿಡೀ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು, ತಮ್ಮಷ್ಟಕ್ಕೆ ಎಂದುಕೊಂಡು ಇಡೀ ಫ್ಲ್ಯಾಟಿಗೆ ಕೇಳುವ ಹಾಗೆ, ಬದನೆಕಾಯಿಯ ಗುಣದೋಷ ಹೇಳುತ್ತ ಇರುವವರು. ಅಂಥವರನ್ನು ಕಿಟಕಿಯ ಹತ್ತಿರ ಕೂರಿಸಿ ಬಾಯಿ ಮುಚ್ಚಿಸುವುದು ಹೇಗೆ ಎಂದು ಯೋಚಿಸುತ್ತಲೇ ಆಲುವ ಬಂತು.

ಮಂಗಳವಾರ ಆಕೆ ಬರೆಸಿದ ಬರಹ ಮಗಳ ಇಮೇಲಿಗೆ ಹೋಯಿತು. ನಾನು ಕಚೇರಿಯ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದಾಗ ಮಗಳ ಫೋನು ಬಂತು. ಅವಳು ಅದನ್ನು ಓದಿ ಹೇಳಿದಳು. ಮೌನದ ಲೋಕದಲ್ಲಿ ಕುಳಿತ ನನ್ನ ಅಜ್ಜಿ ನನಗೆ ಆಲಿಸುವುದನ್ನು ಕಲಿಸಿದಳು ಎಂದು ಅದು ಶುರುವಾಗುತ್ತಿತ್ತು. ಎರಡು ಸಾಲು ಓದಿ ನಿಲ್ಲಿಸಿದಳು.

"ಅಮ್ಮೇ, ಅಜ್ಜಿ ಒರು ಟಾಪಿಕ್ ಅಲ್ಲ."

ಅಷ್ಟೇ ಹೇಳಿ ಫೋನಿಟ್ಟಳು. ಆ ದಿನ ಮತ್ತೆ ಕರೆ ಮಾಡಿದರೆ ಎತ್ತಲಿಲ್ಲ. ಇವರಿಗೆ ಕರೆ ಮಾಡಿದೆ. "ಅವಳು ಸರಿಯಾಗಿ ಊಟ ಮಾಡಿದ್ದಾಳೆ. ಮಾತಾಡುದಿಲ್ಲ, ಅಷ್ಟೇ. ನೀನು ಹಾಗೆ ಮಾಡ್ಬಾರ್ದಿತ್ತು" ಎಂದರು. ಇವರು ನನ್ನನ್ನು ತಪ್ಪೆನ್ನುವುದು ಕಡಿಮೆ. ಹಾಗಾಗಿ ಅದು ಹೆಚ್ಚು ನಾಟಿತು.

ಬುಧವಾರ ಸಂಜೆ ಬಸ್ಸಿಳಿದು ಮನೆಗೆ ಬಂದಾಗ, ಶ್ರೀಕಾರ್ಯದ ನನ್ನ ಮನೆಯೊಡತಿ ಕೆಳಗಿನ ಜಗಲಿಯಲ್ಲಿ ಕುಳಿತಿದ್ದರು. ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಅರವತ್ತು ದಾಟಿದ ಹೆಂಗಸು. ಬೇಯಿಸಿದ ಮರಗೆಣಸನ್ನು ತಟ್ಟೆಯಲ್ಲಿಟ್ಟು ಮೆಣಸಿನ ಚಟ್ನಿಯೊಂದಿಗೆ ಕೊಟ್ಟರು. ಮುಖ ಯಾಕೆ ಹೀಗಿದೆ ಎಂದು ಕೇಳಿದರು. ಎಲ್ಲ ಹೇಳಿದೆ.

"ಮಗಳ ಹತ್ತಿರ ತಪ್ಪಾಯಿತು ಎಂದು ಹೇಳಿದೆಯಾ?" ಎಂದರು.

"ಮಗಳಲ್ಲವಾ ಚೇಚಿ?"

"ಮಗಳು ಎಂದೇ ಕೇಳಿದ್ದು. ಬೇರೆ ಯಾರಾದರೂ ಆಗಿದ್ದರೆ ನೀನು ನಿನ್ನೆಯೇ ಹೇಳಿರುತ್ತಿದ್ದೆ."

ತಟ್ಟೆಯನ್ನು ಜಗಲಿಯ ಮೇಲಿಟ್ಟು ಎದ್ದೆ. ಮೇಲೆ ಹೋಗಿ ಕೈಚೀಲವನ್ನೂ ಇಳಿಸದೆ ಕರೆ ಮಾಡಿದೆ. ಈ ಸಲ ಎತ್ತಿದಳು.

"ತಪ್ಪಾಯ್ತು ಮಗಾ" ಎಂದೆ. "ನಿನ್ನ ಹತ್ರ ಕೇಳದೆ ಫೋಟೊ ತೆಗೆದದ್ದು ತಪ್ಪು. ಅಜ್ಜಿ ಹತ್ರ ಕೇಳದೆ ಇನ್ನೊಬ್ಬರಿಗೆ ತೋರಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಚೌಕ ಖಾಲಿ ಇರ್ಲಿ. ನಾನು ಇನ್ನು ಹೇಳುದಿಲ್ಲ."

"ಸಾರಮಿಲ್ಲಮ್ಮೇ" ಎಂದಳು. ಪರವಾಗಿಲ್ಲ ಎಂದು. ಮತ್ತೆ, "ಅಜ್ಜಿಯ ಫೋಟೊ ಅವರಿಗೆ ಕೊಟ್ಟಿಲ್ಲ ಅಲ್ಲವಾ?" ಎಂದು ಕೇಳಿದಳು.

ಕೊಟ್ಟಿರಲಿಲ್ಲ. ಆ ಸಲಹೆಗಾರ್ತಿಗೆ ಪತ್ರ ಬರೆದು, ಚಿತ್ರಗಳನ್ನು ಅಳಿಸಬೇಕೆಂದೂ ಮುಂದಿನ ಕೆಲಸ ಬೇಡವೆಂದೂ ತಿಳಿಸಿದೆ. ಕಚೇರಿಯ ಭಾಷೆಯಲ್ಲೇ ಬರೆದೆ, ನನಗೆ ಬರುವುದು ಅದೇ. ಆಕೆ ಮಾರನೆಯ ದಿನವೇ ಅಳಿಸಿರುವುದಾಗಿ ಉತ್ತರಿಸಿ ಮಗಳಿಗೆ ಶುಭ ಹಾರೈಸಿದರು. ಕೆಟ್ಟವರೇನೂ ಅಲ್ಲ.

ಆ ಶನಿವಾರ ಮನೆಗೆ ಬಂದಾಗ ಅತ್ತೆಯ ಮಂಚದ ಮೇಲೆ ಅಷ್ಟೂ ಕಟ್ಟುಗಳು ಬಿಚ್ಚಿಕೊಂಡಿದ್ದವು. ಮಗಳು ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು.

"ಅಜ್ಜಿ ಇದನ್ನೆಲ್ಲ ಇಟ್ಟುಕೊಂಡಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಓದಿ ಬಿಸಾಡುತ್ತಾರೆ ಎಂದುಕೊಂಡಿದ್ದೆ" ಎಂದಳು. "ವಾರವಿಡೀ ನಾವಿಬ್ಬರೂ ಇದನ್ನೇ ನೋಡಿದ್ದು. ಕೆಲವು ಚೆನ್ನಾಗಿವೆ ಅಲ್ಲವಾಮ್ಮಾ?" ತಾನು ಮಾಡಿದ್ದನ್ನು ಚೆನ್ನಾಗಿದೆ ಎಂದು ಅವಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಹೌದು ಎಂದಷ್ಟೇ ಹೇಳಿದೆ.

"ಅಜ್ಜಿಯ ಹತ್ತಿರ ಕೇಳುತ್ತೇನೆ. ಒಪ್ಪಿದರೆ ಕಳಿಸುವುದು."

ಒಂದು ದೊಡ್ಡ ಹಾಳೆ ತೆಗೆದುಕೊಂಡು ಬರೆಯತೊಡಗಿದಳು. ತುರುಬಿನ ಮುದುಕಿ ತನ್ನ ಮಡಿಲಿನಿಂದ ಚೀಟಿಗಳನ್ನು ಎತ್ತಿ ಕೊಡುತ್ತಿದ್ದಾಳೆ. ಚೀಟಿಗಳು ಒಂದು ಕಂಪ್ಯೂಟರಿನೊಳಗೆ ಹೋಗುತ್ತಿವೆ. ಅದರೊಳಗೆ ಏಳೆಂಟು ಅಪರಿಚಿತ ತಲೆಗಳು ಕತ್ತು ಚಾಚಿ ನೋಡುತ್ತಿವೆ. ತುದಿಯಲ್ಲಿ ಚೀಲ ಹೊತ್ತು ನಿಂತ ಹುಡುಗಿ. ಎಲ್ಲದರ ಮೇಲೆ ದೊಡ್ಡ ಪ್ರಶ್ನಾರ್ಥಕ ಚಿಹ್ನೆ.

ಅತ್ತೆ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. "ಇವರೆಲ್ಲ ಯಾರು?" ಎಂದು ನನ್ನನ್ನು ಕೇಳಿದರು.

ಕಾಲೇಜಿನವರು, ಇವಳು ಮಾಡಿದ್ದನ್ನು ನೋಡಿ ಸೀಟು ಕೊಡುವವರು ಎಂದು ಬರೆದು ತೋರಿಸಿದೆ.

"ಸೀಟು ಕೊಡ್ಲಿಕ್ಕೆ ಇದೆಂತಕ್ಕೆ? ಮಾರ್ಕು ಇಲ್ವಾ ಇವಳಿಗೆ?"

ಮಗಳು ನಕ್ಕು ಮಂಚದ ಮೇಲೆ ಉರುಳಿದಳು. ಅತ್ತೆ ಮತ್ತೊಮ್ಮೆ ಚಿತ್ರ ನೋಡಿದರು. ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಬೆರಳಿಟ್ಟರು. "ನಾನು ಆರಿಸಿ ಕೊಡ್ತೇನೆ. ನೀವಿಬ್ರೂ ಮುಟ್ಬೇಡಿ" ಎಂದರು.

ಅವರು ಆರಿಸಲು ಇಡೀ ಮಧ್ಯಾಹ್ನ ತೆಗೆದುಕೊಂಡರು. ಮೊಟ್ಟಮೊದಲು, ಮಡಚಿಟ್ಟಿದ್ದ ಆ ಜೂನಿನ ಚೀಟಿಯನ್ನು ತೆಗೆದು ತಮ್ಮ ದಿಂಬಿನ ಕೆಳಗಿಟ್ಟರು. ಮಗಳು ಅದನ್ನು ನೋಡಿದಳು, ಅಜ್ಜಿಯ ಮುಖವನ್ನೂ ನೋಡಿದಳು. ತಾವು ಬಚ್ಚಲಿನಲ್ಲಿ ಜಾರಿ ಬಿದ್ದಾಗ ಬರೆದದ್ದನ್ನು ಅತ್ತೆ ಕೊಡಲಿಲ್ಲ. "ನನ್ನ ಕಾಲು ಊರವರು ಯಾಕೆ ನೋಡ್ಬೇಕು?" ಪಕ್ಕದ ಮನೆಯ ಮಗುವಿನದು ಕೊಟ್ಟರು, ಕುಕ್ಕರಿನದು ಕೊಟ್ಟರು. ಹೂವು ಮುಡಿದ ಎಂಜಿನು ಕೊಟ್ಟರು. ಅಷ್ಟರಲ್ಲಿ ಇವರು ಬಾಗಿಲಲ್ಲಿ ಬಂದು ನಿಂತು, ಕಾಗೆಗಳ ನಡುವೆ ಕುಳಿತ ಹಲಸಿನಕಾಯಿಯನ್ನು ಕಂಡರು.

"ಇದು ನಾನಾ? ನನ್ನ ಹೊಟ್ಟೆ ಇಷ್ಟು ಉಂಟಾ?" ಎಂದು ತಾಯಿಯ ಮುಂದೆ ಬಾಗಿ, ತುಟಿ ಕಾಣುವಂತೆ ನಿಧಾನವಾಗಿ ಕೇಳಿದರು.

ಅತ್ತೆ ಮಗನ ಹೊಟ್ಟೆಯನ್ನೂ ಚಿತ್ರವನ್ನೂ ನೋಡಿ, "ಸರಿಯಾಗಿ ಉಂಟು. ಇದು ಹೋಗ್ಲಿ" ಎಂದು ಕೊಡುವ ಗುಂಪಿಗೆ ಹಾಕಿದರು.

ಒಂಬತ್ತು ಆಯಿತು. ಹತ್ತನೆಯದಕ್ಕೆ ಅವರು ಕಟ್ಟುಗಳಲ್ಲಿ ಹುಡುಕಲಿಲ್ಲ. ಆ ದಿನ ಮಗಳು ಬರೆದು ಕೇಳಿದ್ದ ದೊಡ್ಡ ಹಾಳೆಯನ್ನೇ ಎತ್ತಿ ಎಲ್ಲದರ ಮೇಲಿಟ್ಟರು.

"ಇದೂ ಇರ್ಲಿ. ಕೇಳಿ ತೆಗೊಂಡದ್ದು ಅಂತ ಸಾಕ್ಷಿ."

ಶಿರಸ್ತೇದಾರರ ಹೆಂಡತಿಯಾಗಿ ನಲವತ್ತು ವರ್ಷ ಬಾಳಿದವರು.

ಚಿತ್ರಗಳ ಕೆಳಗೆ ಐವತ್ತು ಪದಗಳಲ್ಲಿ ವಿವರಣೆ ಬರೆಯಬಹುದಿತ್ತು. ಭಾನುವಾರ ಮಗಳು ಅದನ್ನು ಎರಡು ನಿಮಿಷದಲ್ಲಿ ಬರೆದಳು. ನನ್ನ ಅಜ್ಜಿಗೆ ಕಿವಿ ಕೇಳುವುದಿಲ್ಲ, ಅವರು ಕನ್ನಡ ಮಾತ್ರ ಓದುತ್ತಾರೆ, ನನಗೆ ಕನ್ನಡ ಬರೆಯಲು ಬಾರದು, ಆದ್ದರಿಂದ ಹೀಗೆ. ಇವುಗಳನ್ನು ಆರಿಸಿದವರು ಅವರೇ. ಅಷ್ಟೇ. ಇನ್ನೂ ಮೂವತ್ತು ಪದಗಳಷ್ಟು ಜಾಗ ಉಳಿದಿತ್ತು. ನನ್ನ ಕೈ ಕಡಿಯುತ್ತಿತ್ತು. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ.

ಮಾರ್ಚಿನಲ್ಲಿ ಉತ್ತರ ಬಂತು. ಅವತ್ತೂ ಶನಿವಾರವಾಗಿದ್ದರಿಂದ ನಾನು ಮನೆಯಲ್ಲಿದ್ದೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಓದಿದಳು. ಈ ವರ್ಷ ಅರ್ಜಿಗಳ ಗುಣಮಟ್ಟ ಬಹಳ ಎತ್ತರದಲ್ಲಿತ್ತು, ವಿಷಾದದಿಂದ ತಿಳಿಸುತ್ತೇವೆ. ಚಿತ್ರಗಳ ವಿಷಯ ಒಂದು ಸಾಲೂ ಇರಲಿಲ್ಲ. "ಕಿಟ್ಟಿಯಿಲ್ಲ" ಎಂದಳು, ಸಿಗಲಿಲ್ಲ ಎಂದು. ಫೋನನ್ನು ಕಿಸೆಗೆ ಹಾಕಿ ಅಲ್ಲೇ ನಿಂತಳು.

ಸ್ಟೂಲಿನ ಮೇಲೆ ಹುರುಳಿಕಾಯಿ ಮುರಿಯುತ್ತಿದ್ದ ಅತ್ತೆ ತಲೆಯೆತ್ತಿ, "ಎಂತಾಯ್ತು?" ಎಂದರು. ನಾನು ನೋಟ್ ಪುಸ್ತಕದಲ್ಲಿ ಬರೆದು ತೋರಿಸಿದೆ. ಅವರು ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಅವರಿಗೆ ಓದ್ಲಿಕ್ಕೆ ಬಂದಿರ್ಲಿಕ್ಕಿಲ್ಲ, ಪಾಪ" ಎಂದರು.

ಮಗಳು ಮೊದಲು ನಕ್ಕಳು. ನಗುತ್ತ ನಗುತ್ತಲೇ ಮುಖ ಕುಸಿಯಿತು. ನೆಲದ ಮೇಲೆ ಕುಳಿತು ಅಜ್ಜಿಯ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಅತ್ತೆ ಅವಳ ತಲೆ ಸವರುತ್ತ ನನಗೆ ಕಣ್ಣಿನಲ್ಲೇ ಒಲೆ ತೋರಿಸಿದರು, ಹಾಲು ಉಕ್ಕುತ್ತಿತ್ತು. ಇವರು ಹೊರಗೆ ಹೋಗಿ ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿ ಪಳಂಪೊರಿ ತಂದರು. ಬಾಳೆಹಣ್ಣಿನ ಆ ಬಜ್ಜಿಗಳನ್ನು ಅವಳು ಮೂಗು ಒರೆಸಿಕೊಳ್ಳುತ್ತ ಮೂರು ತಿಂದಳು. ದುಃಖ ಅಂದೇ ಹೋಗಲಿಲ್ಲ. ಒಂದು ವಾರ ಫೋನಿನಲ್ಲಿ ಅವಳ ದನಿ ಒಣಗಿತ್ತು. ಕಳಿಸಿದ್ದಕ್ಕೆ ಬೇಸರವಾ ಎಂದು ಒಮ್ಮೆ ಕೇಳಿದೆ. "ಇಲ್ಲ. ಸಿಗದೇ ಇದ್ದದ್ದಕ್ಕೆ ಬೇಸರ" ಎಂದಳು.

ಜುಲೈಯಲ್ಲಿ ಅವಳಿಗೆ ತಿರುವನಂತಪುರದ ಒಂದು ಸರ್ಕಾರಿ ಕಾಲೇಜಿನಲ್ಲಿ ಮನಃಶಾಸ್ತ್ರಕ್ಕೆ ಸೀಟು ಸಿಕ್ಕಿತು, ಬರೀ ಅಂಕದ ಮೇಲೆ. ಆ ಅರ್ಜಿಯಲ್ಲಿ ಅಂಥ ಚೌಕವೇ ಇರಲಿಲ್ಲ. ಎರಡು ಚೀಲ ಹಿಡಿದುಕೊಂಡು ಶ್ರೀಕಾರ್ಯದ ನನ್ನ ಕೋಣೆಗೆ ಬಂದಳು.

ಎರಡು ವರ್ಷ ವಾರಕ್ಕೆರಡು ದಿನ ಮಗಳನ್ನು ಕಂಡ ನನಗೆ, ಹದಿನೆಂಟರ ಹುಡುಗಿ ಒಬ್ಬಳು ಒಂದೇ ಕೋಣೆಯಲ್ಲಿ ಎಷ್ಟು ಜಾಗ ಹಿಡಿಯುತ್ತಾಳೆಂದು ಮರೆತೇಹೋಗಿತ್ತು. ಒದ್ದೆ ಟವೆಲು ಕುರ್ಚಿಯ ಮೇಲೆ. ಅರ್ಧ ಕುಡಿದ ಚಹಾ ಕಿಟಕಿಯ ಮೇಲೆ. ನಾನು ಬೆಳಿಗ್ಗೆ ರೇಡಿಯೊ ಹಾಕುವುದು ಅವಳಿಗಾಗದು, ಅವಳು ಅನ್ನಕ್ಕೆ ಕುಚ್ಚಲಕ್ಕಿಯೇ ಬೇಕೆನ್ನುವುದು ನನಗಾಗದು. ಮೊದಲ ತಿಂಗಳು ಹತ್ತು ಸಲ ಜಗಳವಾಡಿದೆವು. ಕೆಳಗಿನ ಚೇಚಿ ಎಲ್ಲವನ್ನೂ ಕೇಳಿಸಿಕೊಂಡು, ಮನೆ ಈಗ ಮನೆಯಾಯಿತು ಎಂದರು.

ಒಂದು ಸಂಜೆ ಇಬ್ಬರೂ ಬಸ್ಸಿಳಿದು ಮಳೆಗೆ ಅಂಗಡಿಯ ಮಾಡಿನ ಕೆಳಗೆ ನಿಂತಿದ್ದೆವು. ಮುಖ ನೋಡಿಕೊಂಡು ಕೇಳಲಾರದ್ದನ್ನು ಹಾಗೆ ಪಕ್ಕದಲ್ಲಿ ನಿಂತು ಕೇಳಬಹುದು. "ನಾನು ಇಲ್ಲಿಗೆ ಬಂದ ಆ ಜೂನಿನಲ್ಲಿ ನಿನಗೆ ತುಂಬ ಬೇಜಾರಾಗಿತ್ತಾ ಮಗಾ?" ಎಂದೆ.

ಅವಳು ಕೈ ಚಾಚಿ ಮಾಡಿನಿಂದ ಬೀಳುವ ನೀರು ಹಿಡಿಯುತ್ತಿದ್ದಳು. "ಆಗಿತ್ತು" ಎಂದಳು. "ಅಜ್ಜಿ ಇದ್ದರಲ್ಲ."

ಮಳೆ ಸಣ್ಣದಾಯಿತು, ಒಂದೇ ಕೊಡೆಯಲ್ಲಿ ನಡೆದೆವು.

ಈಗ ಆಲುವದಲ್ಲಿ ಇವರೂ ಅತ್ತೆಯೂ ಇಬ್ಬರೇ. ಸಂಜೆ ಇವರು ಬ್ಯಾಂಕಿನಿಂದ ಬಂದ ಮೇಲೆ ವಿಡಿಯೊ ಕರೆ ಮಾಡುತ್ತಾರೆ. ಮಗಳು ಕಾಲೇಜಿನಿಂದ ಬಂದು ಕೈಕಾಲು ತೊಳೆದ ಕೂಡಲೇ ಒಂದು ಹಾಳೆಯಲ್ಲಿ ಆ ದಿನದ್ದೆಲ್ಲ ಬರೆದು ಸಿದ್ಧವಾಗಿರುತ್ತಾಳೆ. ಮೊನ್ನೆಯದು, ಒಂದು ದೊಡ್ಡ ಮರದಿಂದ ತಲೆಕೆಳಗಾಗಿ ನೇತಾಡುವ ಪ್ರೊಫೆಸರು. ಅರ್ಥವೇನೆಂದು ನನಗೆ ಹೊಳೆಯಲಿಲ್ಲ. ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿಯಬೇಕಾದ್ದರಿಂದ ಫೋನು ಹಿಡಿಯುವ ಕೆಲಸ ನನ್ನದು.

"ಅಮ್ಮಾ, ನೇರ ಹಿಡಿ. ಇನ್ನೂ ಹತ್ತಿರ" ಎಂದಳು.

ಆಲುವದ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕುಳಿತ ಅತ್ತೆ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದರು. ಹುಬ್ಬು ಗಂಟಿಕ್ಕಿತು.

"ಮರದ ಮೇಲೆ ಎಂತದೋ ದೊಡ್ಡ ಗುಂಡಗೆ ಉಂಟು. ಅದೆಂತ ಹಣ್ಣು ಮಾರಾಯ್ತಿ?" ಎಂದು ಕೂಗಿದರು.

ಮಗಳು ಪರದೆಯ ಮೂಲೆ ನೋಡಿ ನಕ್ಕಳು. ಅದು ಕ್ಯಾಮರಾಕ್ಕೆ ಅಡ್ಡ ಬಂದ ನನ್ನ ಹೆಬ್ಬೆರಳು. ತೆಗೆದೆ.